ರುಕ್ಯಾ, ದಮ್, ನಜರ್: ನಮ್ಮ ಕಡೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಒಬ್ಬರು ಡಾಕ್ಟರ್ ಹೆಸರು ಹೇಳುತ್ತಾರೆ, ಇನ್ನೊಬ್ಬರು ದಮ್ ಮಾಡುವ, ಅಂದರೆ ಓದಿ ಊದುವ ಹಜರತ್ ಹೆಸರು ಹೇಳುತ್ತಾರೆ. ಎರಡೂ ಕಡೆ ಓಡಾಡಿ ಸುಸ್ತಾದವರು ಇದ್ದಾರೆ, ಒಂದನ್ನೇ ನಂಬಿ ಕೆಟ್ಟವರೂ ಇದ್ದಾರೆ. ಕುರ್‌ಆನ್ ಓದಿ ರೋಗಿಗಾಗಿ ಅಲ್ಲಾಹನಲ್ಲಿ ಬೇಡುವುದು ನಮ್ಮ ದೀನ್‌ನಲ್ಲಿ (ಧರ್ಮದಲ್ಲಿ) ಇರುವ ದೊಡ್ಡ ಸಮಾಧಾನ. ಅದನ್ನು ಭಯ ಹುಟ್ಟಿಸಿ ದುಡ್ಡು ಮಾಡುವವರ ಕೈಗೆ ಬಿಟ್ಟುಕೊಡಬಾರದು ಅನ್ನೋದು ನನ್ನ ಕಳಕಳಿ. ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

ರುಕ್ಯಾ ಅಂದ್ರೆ ಏನು? ನಾವು ದಮ್ ಮಾಡಿಸೋದು ಅಂತೀವಲ್ಲ, ಅದೇನಾ?

ಹೌದು, ಹೆಚ್ಚು ಕಡಿಮೆ ಅದೇ. ಕುರ್‌ಆನಿನ ಆಯತ್‌ಗಳನ್ನು (ವಚನಗಳನ್ನು), ಇಲ್ಲವೇ ಪ್ರವಾದಿ ಮುಹಮ್ಮದ್ ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಕಲಿಸಿದ ದುಆಗಳನ್ನು (ಪ್ರಾರ್ಥನೆಗಳನ್ನು) ಓದಿ, ರೋಗಿಯ ಮೇಲೆ ಮೆಲ್ಲಗೆ ಊದುವುದು ಅಥವಾ ಕೈ ಸವರುವುದು. ಬೇಡುವುದು ಅಲ್ಲಾಹನಲ್ಲಿ, ವಾಸಿ ಮಾಡುವವನು ಅವನೇ, ಓದುವವನು ಬರೀ ಬೇಡುವವನು. ಇಷ್ಟು ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಇದಕ್ಕೆ ಆಧಾರ ಇದೆಯಾ, ಅಥವಾ ಸುಮ್ನೆ ಹಿರಿಯರು ಮಾಡಿಕೊಂಡು ಬಂದಿದ್ದಾ?

ಗಟ್ಟಿ ಆಧಾರ ಇದೆ. ಕುರ್‌ಆನಿನ 17ನೇ ಸೂರಾ (ಅಧ್ಯಾಯ), 82ನೇ ಆಯತ್‌ನಲ್ಲಿ ಕುರ್‌ಆನ್ ನಂಬುವವರಿಗೆ ಶಿಫಾ (ಗುಣ) ಮತ್ತು ರಹ್ಮತ್ (ಕರುಣೆ) ಎಂದು ಬಂದಿದೆ. 26ನೇ ಸೂರಾದಲ್ಲಿ ಇಬ್ರಾಹೀಮ್ ಅಲೈಹಿಸ್ಸಲಾಮ್ ಅವರು ನಾನು ಕಾಯಿಲೆ ಬಿದ್ದಾಗ ನನ್ನನ್ನು ಗುಣಪಡಿಸುವವನು ಅವನೇ ಎಂದು ಹೇಳುವ ಮಾತು ಇದೆ.

ಹದೀಸ್‌ಗಳಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳಲ್ಲಿ, ಎಲ್ಲರೂ ಹೇಳುವುದು ಅಬೂ ಸಈದ್ ಖುದ್ರಿ ಅವರು ತಿಳಿಸಿದ ಘಟನೆ. ಸಹೀಹ್ ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಕೆಲವು ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಪ್ರಯಾಣದಲ್ಲಿದ್ದರು. ದಾರಿಯಲ್ಲಿ ಒಂದು ಕುಲದವರ ಹತ್ತಿರ ಊಟ, ವಸತಿ ಕೇಳಿದರು. ಆ ಜನ ಕೊಡಲಿಲ್ಲ. ಅಷ್ಟರಲ್ಲಿ ಆ ಕುಲದ ಮುಖಂಡನಿಗೇ ವಿಷದ ಹುಳ ಕಚ್ಚಿತು. ಏನು ಮಾಡಿದರೂ ಇಳಿಯಲಿಲ್ಲ. ಕೊನೆಗೆ ಇವರ ಹತ್ತಿರವೇ ಬಂದು ನಿಮ್ಮಲ್ಲಿ ಯಾರಿಗಾದರೂ ರುಕ್ಯಾ ಬರುತ್ತದೆಯೇ ಎಂದು ಕೇಳಿದರು. ಗುಣವಾದರೆ ಕುರಿ ಕೊಡುವುದು ಎಂದು ಮಾತಾಯಿತು. ಒಬ್ಬ ಸಹಾಬಿ ಸೂರಾ ಫಾತಿಹಾ ಓದಿ ಊದಿದರು, ಮುಖಂಡ ಕಟ್ಟು ಬಿಚ್ಚಿದವನಂತೆ ಎದ್ದು ನಡೆದಾಡಿದ. ಕುರಿ ಹಂಚಿಕೊಳ್ಳೋಣ ಎಂದು ಕೆಲವರು ಅಂದಾಗ, ಓದಿದವರೇ ತಡೆದು, ಮೊದಲು ಪ್ರವಾದಿಯವರನ್ನು ಕೇಳೋಣ ಎಂದರು. ಮದೀನಾಕ್ಕೆ ಬಂದು ಕೇಳಿದಾಗ ಪ್ರವಾದಿಯವರು ಫಾತಿಹಾ ರುಕ್ಯಾ ಅಂತ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿ, ಸರಿಯಾಗಿಯೇ ಮಾಡಿದಿರಿ, ನನಗೂ ಒಂದು ಪಾಲು ಇಡಿ ಎಂದರು.

ನನಗೆ ಈ ಘಟನೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಆ ಸಹಾಬಿ ಕುರಿ ಮುಟ್ಟದೆ ಕಾದಿದ್ದು. ಕೆಲಸ ಆಯಿತು, ರೋಗಿ ಎದ್ದ, ಆದರೂ ಇದು ಹಲಾಲೋ ಅಲ್ಲವೋ ಎಂದು ಕೇಳಿಯೇ ಮುಟ್ಟಿದರು. ಇವತ್ತು ಈ ಕೆಲಸಕ್ಕೆ ಕೂರುವವರೆಲ್ಲರಲ್ಲೂ ಆ ಅಂಜಿಕೆ ಇರಬೇಕು.

ಏನೇನು ಓದಬೇಕು?

ಉದ್ದದ ಪಟ್ಟಿ ಹುಡುಕಿಕೊಂಡು ಅಲೆಯಬೇಡಿ. ನಿಮಗೆ ಈಗಾಗಲೇ ಬಾಯಿಪಾಠ ಇರುವುದರಲ್ಲೇ ಬಹುಪಾಲು ಇದೆ. 7 ಆಯತ್‌ಗಳ ಸೂರಾ ಫಾತಿಹಾ. ಸೂರಾ ಬಕರಾದ 255ನೇ ಆಯತ್, ಅಂದರೆ ಆಯತುಲ್ ಕುರ್ಸಿ. ಅದೇ ಸೂರಾದ ಕೊನೆಯ ಎರಡು ಆಯತ್‌ಗಳು, 285 ಮತ್ತು 286. ಆಮೇಲೆ ಕೊನೆಯ ಮೂರು ಸೂರಾಗಳು: ಇಖ್ಲಾಸ್, ಫಲಕ್, ನಾಸ್.

ಪ್ರವಾದಿಯವರು ಪ್ರತಿ ರಾತ್ರಿ ಮಲಗುವ ಮುಂಚೆ ಎರಡೂ ಅಂಗೈ ಜೋಡಿಸಿ, ಈ ಮೂರು ಸೂರಾ ಓದಿ ಊದಿ, ತಲೆ ಮತ್ತು ಮುಖದಿಂದ ಶುರುಮಾಡಿ ಕೈಗೆಟುಕುವಷ್ಟು ಮೈಗೆ ಸವರಿಕೊಳ್ಳುತ್ತಿದ್ದರು, ಹೀಗೆ ಮೂರು ಸಲ, ಎಂದು ಆಯಿಶಾ ರಝಿಯಲ್ಲಾಹು ಅನ್ಹಾ ಹೇಳಿದ್ದು ಬುಖಾರಿಯಲ್ಲಿದೆ. ಎರಡು ಮೂರು ನಿಮಿಷದ ಕೆಲಸ. ಮಕ್ಕಳಿಗೆ ಚಿಕ್ಕಂದಿನಲ್ಲೇ ರೂಢಿ ಮಾಡಿಸಿದರೆ ಮುದುಕರಾದರೂ ಬಿಡುವುದಿಲ್ಲ.

ನೋವಿರುವ ಜಾಗಕ್ಕೆ ಇನ್ನೊಂದು ಕ್ರಮ ಇದೆ. ಉಸ್ಮಾನ್ ಬಿನ್ ಅಬಿಲ್ ಆಸ್ ಎಂಬ ಸಹಾಬಿ ಮೈನೋವು ಅಂತ ಹೇಳಿಕೊಂಡಾಗ ಪ್ರವಾದಿಯವರು ಕಲಿಸಿದ್ದು, ಸಹೀಹ್ ಮುಸ್ಲಿಮ್‌ನಲ್ಲಿದೆ. ನೋಯುವ ಜಾಗದ ಮೇಲೆ ನಿಮ್ಮದೇ ಕೈ ಇಟ್ಟು ಮೂರು ಸಲ ಬಿಸ್ಮಿಲ್ಲಾ ಹೇಳಿ, ಆಮೇಲೆ ಏಳು ಸಲ ಹೀಗೆ ಹೇಳಬೇಕು: ಅಊಝು ಬಿಲ್ಲಾಹಿ ವ ಕುದ್‌ರತಿಹಿ ಮಿನ್ ಶರ್ರಿ ಮಾ ಅಜಿದು ವ ಉಹಾಝಿರು. ನನಗೆ ಆಗುತ್ತಿರುವ, ಮುಂದೆ ಆದೀತೆಂದು ನಾನು ಹೆದರುತ್ತಿರುವ ಕೆಡುಕಿನಿಂದ ಅಲ್ಲಾಹನ ಮತ್ತು ಅವನ ಶಕ್ತಿಯ ಆಸರೆ ಬೇಡುತ್ತೇನೆ ಎಂದು ಅರ್ಥ. ಮಂಡಿನೋವಿನ ಅಜ್ಜಿಯಂದಿರು, ತಲೆನೋವಿನವರು, ಬೆನ್ನು ಹಿಡಿದವರು ಕೂತಲ್ಲೇ ಮಾಡಿಕೊಳ್ಳಬಹುದು.

ಬೇರೆಯವರಿಗೆ ಓದುವಾಗ ಬಲಗೈ ಸವರುತ್ತಾ ಓದುವ ದುಆ ಇದು: ಅಲ್ಲಾಹುಮ್ಮ ರಬ್ಬನ್ನಾಸ್, ಅಝ್‌ಹಿಬಿಲ್ ಬಅಸ್, ಇಶ್ಫಿ ಅಂತಶ್ಶಾಫೀ, ಲಾ ಶಿಫಾಅ ಇಲ್ಲಾ ಶಿಫಾಉಕ, ಶಿಫಾಅನ್ ಲಾ ಯುಗಾದಿರು ಸಕಮಾ. ಜನರ ಒಡೆಯನೇ, ಕಷ್ಟ ದೂರ ಮಾಡು, ಗುಣಪಡಿಸು, ಗುಣಪಡಿಸುವವನು ನೀನೇ, ನಿನ್ನ ಶಿಫಾ ಬಿಟ್ಟು ಬೇರೆ ಶಿಫಾ ಇಲ್ಲ, ರೋಗದ ಸುಳಿವೂ ಉಳಿಯದಂಥ ಶಿಫಾ ಕೊಡು ಎಂದು ಬೇಡುವುದು.

ಕನ್ನಡ ಅಕ್ಷರದಲ್ಲಿ ಅರಬ್ಬಿ ಉಚ್ಚಾರ ಪೂರ್ತಿ ಬರೋದಿಲ್ಲ. ಇದನ್ನು ನೆನಪಿಗೆ ಮಾತ್ರ ಇಟ್ಟುಕೊಳ್ಳಿ, ಓಣಿಯ ಮಸೀದಿಯ ಹಾಫಿಝರ (ಕುರ್‌ಆನ್ ಬಾಯಿಪಾಠ ಇರುವವರ) ಹತ್ತಿರ ಒಮ್ಮೆ ಓದಿಸಿ ತಿದ್ದಿಸಿಕೊಳ್ಳಿ.

ನಾನೇ ಓದಿಕೊಳ್ಳಬಹುದಾ? ನನ್ನ ಬಾಯಲ್ಲಿ ಓದಿದ್ರೆ ಅಸರ್ ಆಗುತ್ತಾ?

ಓದಿಕೊಳ್ಳಬಹುದು ಅನ್ನೋದಕ್ಕಿಂತ, ನೀವೇ ಓದಿಕೊಳ್ಳುವುದೇ ಉತ್ತಮ. ನಮ್ಮಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ, ದೊಡ್ಡ ಗಡ್ಡದ, ಹೆಸರುವಾಸಿ ಹಜರತ್ ಓದಿದರೇ ಕೆಲಸ ಆಗೋದು, ಮನೆಯ ಹೆಣ್ಣುಮಗಳು ಓದಿದರೆ ಏನಾದೀತು ಅಂತ. ಆದರೆ ಪ್ರವಾದಿಯವರ ಕೊನೆಯ ಕಾಯಿಲೆಯಲ್ಲಿ ಅವರಿಗೆ ಓದಿದವರು ಯಾರು ಅಂತ ನೋಡಿ. ಹೆಂಡತಿ ಆಯಿಶಾ. ತಾವೇ ಓದಿ, ಪ್ರವಾದಿಯವರ ಕೈಯನ್ನೇ ಹಿಡಿದು ಅವರ ಮೈಮೇಲೆ ಸವರುತ್ತಿದ್ದರು. ಕಷ್ಟದಲ್ಲಿರುವವನು ಕರೆದಾಗ ಓಗೊಡುವವನು ಯಾರು ಎಂದು ಕುರ್‌ಆನೇ ಕೇಳುತ್ತದೆ. ಮಗು ಜ್ವರದಿಂದ ನರಳುತ್ತಿರುವಾಗ ಪಕ್ಕದಲ್ಲಿ ಎದ್ದು ಕೂತ ತಾಯಿಗಿಂತ ಜಾಸ್ತಿ ಕರುಳಿಂದ ಬೇಡುವವರು ಬೇರೆ ಯಾರಿದ್ದಾರೆ?

ಇನ್ನೊಬ್ಬರ ಹತ್ತಿರ ಓದಿಸಿಕೊಳ್ಳುವುದು ತಪ್ಪಲ್ಲ. ಆದರೆ ಲೆಕ್ಕವಿಲ್ಲದೆ ಜನ್ನತ್ (ಸ್ವರ್ಗ) ಸೇರುವ 70,000 ಜನರ ಬಗ್ಗೆ ಬಂದ ಹದೀಸಿನಲ್ಲಿ, ಅವರು ಬೇರೆಯವರ ಹತ್ತಿರ ರುಕ್ಯಾ ಕೇಳಿಕೊಂಡು ಹೋಗದವರು, ತಮ್ಮ ರಬ್‌ನ (ಒಡೆಯನ) ಮೇಲೆ ಭರವಸೆ ಇಟ್ಟವರು ಎಂದಿದೆ. ಅದಕ್ಕೇ ಮೊದಲು ಮನೆಯಲ್ಲಿ ಶುರು ಮಾಡಿ.

ಮುಟ್ಟಿನ ದಿನಗಳಲ್ಲಿ ಓದಬಹುದಾ ಅಂತ ತುಂಬ ಅಕ್ಕಂದಿರು ಕೇಳುತ್ತಾರೆ. ದುಆಗಳನ್ನು ಹೇಳಲು ಯಾವ ಅಡ್ಡಿಯೂ ಇಲ್ಲ. ಆಯತ್‌ಗಳ ವಿಷಯದಲ್ಲಿ ಉಲೇಮಾಗಳ (ಧರ್ಮ ಪಂಡಿತರ) ನಡುವೆ ಬೇರೆ ಬೇರೆ ಅಭಿಪ್ರಾಯ ಇದೆ. ನಮ್ಮ ಕಡೆ ಹೆಚ್ಚಿನವರು ಹನಫಿ ಪಂಥದವರು, ನೀವು ನಂಬುವ ಆಲಿಮರನ್ನು ಕೇಳಿಕೊಳ್ಳಿ.

ಸರಿಯಾದ ರುಕ್ಯಾ ಯಾವುದು, ತಪ್ಪಾದದ್ದು ಯಾವುದು ಅಂತ ಹೇಗೆ ತಿಳಿಯೋದು?

ಔಫ್ ಬಿನ್ ಮಾಲಿಕ್ ಅವರು ಜಾಹಿಲಿಯ್ಯತ್ (ಇಸ್ಲಾಮಿಗೆ ಮುಂಚಿನ) ಕಾಲದಲ್ಲಿ ನಾವು ರುಕ್ಯಾ ಮಾಡುತ್ತಿದ್ದೆವು, ಅದರ ಬಗ್ಗೆ ಏನಂತೀರಿ ಎಂದು ಕೇಳಿದಾಗ, ಪ್ರವಾದಿಯವರು ನಿಮ್ಮ ರುಕ್ಯಾ ನನಗೆ ತೋರಿಸಿ, ಶಿರ್ಕ್ (ಅಲ್ಲಾಹನ ಜೊತೆ ಇನ್ನೊಬ್ಬರನ್ನು ಸೇರಿಸುವುದು) ಇಲ್ಲದಿದ್ದರೆ ಅಡ್ಡಿಯಿಲ್ಲ ಎಂದರು. ತೋರಿಸಿ ಅನ್ನೋದು ಗಮನಿಸಿ. ಗುಟ್ಟಾಗಿ ಪಿಸುಗುಟ್ಟುವುದು, ಏನು ಓದಿದಿರಿ ಅಂದರೆ ಅದು ನಮ್ಮ ಗುರುವಿನ ಇಲ್ಮ್, ಹೇಳಬಾರದು ಅನ್ನುವುದು ನಡೆಯುವುದಿಲ್ಲ. ಇಬ್ನ್ ಹಜರ್ ಅಸ್ಕಲಾನಿ ಅವರು ಬುಖಾರಿಯ ವ್ಯಾಖ್ಯಾನದಲ್ಲಿ ಉಲೇಮಾಗಳು ಒಪ್ಪಿದ ಮೂರು ಷರತ್ತು ಹೇಳಿದ್ದಾರೆ. ಓದುವುದು ಅಲ್ಲಾಹನ ಮಾತು ಅಥವಾ ಅವನ ಹೆಸರು, ಗುಣಗಳಿಂದ ಇರಬೇಕು. ಅರಬ್ಬಿಯಲ್ಲಿ, ಇಲ್ಲವೇ ಅರ್ಥ ತಿಳಿಯುವ ಭಾಷೆಯಲ್ಲಿ ಇರಬೇಕು. ರುಕ್ಯಾ ತನ್ನಷ್ಟಕ್ಕೆ ತಾನೇ ಗುಣ ಮಾಡುತ್ತದೆ ಎಂದು ನಂಬಬಾರದು, ಅಲ್ಲಾಹ್ ಇಚ್ಛಿಸಿದರೆ ಮಾತ್ರ.

ನಿಮ್ಮ ತಾಯಿಯ ಹೆಸರು ಕೇಳಿ ಲೆಕ್ಕ ಹಾಕುವವರು, ಉಟ್ಟ ಬಟ್ಟೆ ತರಿಸುವವರು, ಕರಿ ಕೋಳಿ ತಾ ಅನ್ನುವವರು, ಅಮಾವಾಸ್ಯೆ ರಾತ್ರಿ ಮೂರು ದಾರಿ ಕೂಡುವಲ್ಲಿ ಏನೋ ಹೂಳಬೇಕು ಅನ್ನುವವರು, ಇವರು ಕುರ್‌ಆನ್ ಹೆಸರು ಹೇಳಿದರೂ ಅಲ್ಲಿಂದ ಎದ್ದು ಬನ್ನಿ.

ನೀರಿಗೆ ಊದಿ ಕುಡಿಸೋದು, ಎಣ್ಣೆ, ಬಾರೆ ಎಲೆ, ಇವೆಲ್ಲ ಸರಿನಾ?

ನೀರಿಗೆ, ಆಲಿವ್ ಎಣ್ಣೆಗೆ ಓದಿ ಊದುವುದನ್ನು ಉಲೇಮಾಗಳಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. ಏಳು ಬಾರೆ ಎಲೆ ಕುಟ್ಟಿ ನೀರಲ್ಲಿ ಕಲಸಿ, ಆಯತುಲ್ ಕುರ್ಸಿ ಓದಿ, ಮೂರು ಗುಟುಕು ಕುಡಿದು ಉಳಿದದ್ದರಲ್ಲಿ ಸ್ನಾನ ಮಾಡುವ ಕ್ರಮ ಪ್ರವಾದಿಯವರಿಂದ ಬಂದದ್ದಲ್ಲ, ವಹಬ್ ಬಿನ್ ಮುನಬ್ಬಿಹ್ ಎಂಬ ತಾಬಿಈ (ಸಹಾಬಿಗಳ ನಂತರದ ತಲೆಮಾರಿನವರು) ಅವರಿಂದ ಬಂದದ್ದು. ಮಾಡಿದರೆ ತಪ್ಪಿಲ್ಲ, ಮಾಡದಿದ್ದರೂ ಏನೂ ಕಡಿಮೆ ಆಗುವುದಿಲ್ಲ.

ಒಂದು ಮಾತು ಮಾತ್ರ ತಾಯಂದಿರು ದಯವಿಟ್ಟು ಕೇಳಿ. ಆರು ತಿಂಗಳ ಒಳಗಿನ ಕೂಸಿಗೆ ದಮ್ ಮಾಡಿದ ನೀರನ್ನೂ ಕುಡಿಸಬೇಡಿ. ಆ ವಯಸ್ಸಿಗೆ ತಾಯಿ ಹಾಲು ಮಾತ್ರ. ಓದಿ ಅಂಗೈಗೆ ಊದಿಕೊಂಡು ಮಗುವಿನ ತಲೆ, ಎದೆ ಸವರಿ, ಸಾಕು. ಕೆಮ್ಮು ನೆಗಡಿ ಇರುವವರು ಮಗುವಿನ ಮುಖದ ಮೇಲೆ ಊದುವುದೂ ಬೇಡ. ಟಿಬಿ ಇರುವವರ ಮನೆಯಲ್ಲಿ ಒಂದೇ ಲೋಟದ ನೀರು ಎಲ್ಲರಿಗೂ ಸುತ್ತುವುದನ್ನು ಬಿಡಿ. ಓದುವುದಕ್ಕೆ ಲೋಟವೇ ಬೇಕಾಗಿಲ್ಲ.

ನಜರ್ ನಿಜಾನಾ?

ನಜರ್ (ಕೆಟ್ಟ ಕಣ್ಣು ಬೀಳುವುದು) ಹಕ್ (ನಿಜ) ಎಂದು ಸಹೀಹ್ ಹದೀಸಿನಲ್ಲಿದೆ, ಹಾಗಾಗಿ ನಂಬುತ್ತೇವೆ. ಇಮಾಮ್ ಮಾಲಿಕ್ ಅವರ ಮುವತ್ತಾದಲ್ಲಿ ಒಂದು ಘಟನೆ ಬರುತ್ತದೆ. ಸಹಲ್ ಬಿನ್ ಹುನೈಫ್ ಸ್ನಾನ ಮಾಡುತ್ತಿದ್ದಾಗ ಆಮಿರ್ ಬಿನ್ ರಬೀಆ ಎಂಬವರು ಸಹಲ್ ಅವರ ಮೈಬಣ್ಣ ನೋಡಿ ಹೊಗಳಿದರು. ಸಹಲ್ ಅಲ್ಲೇ ಕುಸಿದರು. ಪ್ರವಾದಿಯವರಿಗೆ ಸಿಟ್ಟು ಬಂತು, ನಿಮ್ಮಲ್ಲೊಬ್ಬ ತನ್ನ ಸಹೋದರನನ್ನು ಯಾಕೆ ಕೊಲ್ಲುತ್ತಾನೆ, ಬರಕತ್‌ನ (ಒಳಿತು ಕೋರುವ) ದುಆ ಯಾಕೆ ಮಾಡಲಿಲ್ಲ ಎಂದು ಕೇಳಿದರು. ಆಮೇಲೆ ಆಮಿರ್ ಕೈಕಾಲು ಮುಖ ತೊಳೆದ ನೀರನ್ನು ಸಹಲ್ ಮೇಲೆ ಹಾಕಿಸಿದರು.

ನಾವು ಇದರಿಂದ ಕಲಿತದ್ದು ಅರ್ಧ ಮಾತ್ರ. ಯಾರ ನಜರ್ ಬಿತ್ತು ಅಂತ ಹುಡುಕೋದು ನಮಗೆ ಚೆನ್ನಾಗಿ ಬರುತ್ತದೆ. ಬೇರೆಯವರ ಹೊಸ ಮನೆ, ಹೊಸ ಗಾಡಿ, ಗುಂಡಗಿನ ಮಗು ನೋಡಿದಾಗ ನಮ್ಮ ಬಾಯಲ್ಲಿ ಬಾರಕಲ್ಲಾಹ್ (ಅಲ್ಲಾಹ್ ಬರಕತ್ ಕೊಡಲಿ) ಬರುತ್ತದಾ ಅನ್ನೋದು ಇನ್ನರ್ಧ. ಪ್ರವಾದಿಯವರ ಸಿಟ್ಟು ಬಂದದ್ದು ಅದರ ಮೇಲೆ. ಮಕ್ಕಳಿಗೆ ಕೆನ್ನೆಗೆ ಕಾಡಿಗೆ ಬೊಟ್ಟು, ಕಾಲಿಗೆ ಕರಿದಾರ, ಮೆಣಸಿನಕಾಯಿ ಉಪ್ಪು ಇಳಿ ತೆಗೆದು ಒಲೆಗೆ ಹಾಕುವುದು, ಇದು ನಮ್ಮ ಕಡೆ ಹಿಂದೂ ಮನೆ ಮುಸ್ಲಿಮ್ ಮನೆ ಎರಡರಲ್ಲೂ ಇದೆ. ನನ್ನ ಮಾತು ಕೇಳುವುದಾದರೆ ಅದರ ಬದಲು ಹಸನ್, ಹುಸೈನ್ ಇಬ್ಬರಿಗೂ ಅವರ ಅಜ್ಜನಾದ ಪ್ರವಾದಿಯವರು ಓದುತ್ತಿದ್ದ ದುಆ ಓದಿ. ಎಲ್ಲ ಶೈತಾನ್‌ನಿಂದ, ವಿಷದ ಹುಳಗಳಿಂದ, ಕೆಟ್ಟ ಕಣ್ಣಿನಿಂದ ಅಲ್ಲಾಹನ ಪರಿಪೂರ್ಣ ಮಾತುಗಳ ಆಸರೆಯಲ್ಲಿ ನಿಮ್ಮಿಬ್ಬರನ್ನು ಇಡುತ್ತೇನೆ ಎಂಬ ಅರ್ಥದ ದುಆ ಅದು. ಇಬ್ರಾಹೀಮರು ತಮ್ಮ ಮಕ್ಕಳಾದ ಇಸ್ಮಾಈಲ್, ಇಸ್ಹಾಕ್ ಅವರಿಗೂ ಇದನ್ನೇ ಓದುತ್ತಿದ್ದರಂತೆ.

ನಾವು ಮುಸ್ಲಿಮರಲ್ಲ. ಮಗೂನ ಮಸೀದಿ ಮುಂದೆ ಕರ್ಕೊಂಡು ಬರಬಹುದಾ?

ಬನ್ನಿ, ಖಂಡಿತ ಬನ್ನಿ. ಇದು ಹೊಸದೇನಲ್ಲ. ಮಗ್ರಿಬ್ (ಸಂಜೆಯ ನಮಾಜ್) ಆದ ಮೇಲೆ ಕಲಬುರಗಿಯ ಹಳೆ ಓಣಿಗಳಲ್ಲಿ, ಬೀದರಿನ ಕೋಟೆ ಊರಿನಲ್ಲಿ, ಶಹಾಪುರ ಸುರಪುರದ ಕಡೆ ಯಾವುದಾದರೂ ಮಸೀದಿಯ ಮೆಟ್ಟಿಲ ಹತ್ತಿರ ನಿಂತು ನೋಡಿ. ಸೆರಗು ತಲೆ ಮೇಲೆ ಎಳೆದುಕೊಂಡ ಹೆಣ್ಣುಮಕ್ಕಳು, ಕಂಕುಳಲ್ಲಿ ಕೂಸು, ಕೈಯಲ್ಲಿ ಸ್ಟೀಲ್ ಗ್ಲಾಸೋ ಮುಚ್ಚಳ ತೆಗೆದ ನೀರಿನ ಬಾಟಲಿಯೋ. ಹಣೆಯಲ್ಲಿ ಕುಂಕುಮ ಇರುವವರು, ಕೊರಳಲ್ಲಿ ಲಿಂಗ ಇರುವವರು, ಬುರ್ಖಾದವರು, ಎಲ್ಲ ಒಂದೇ ಸಾಲು. ನಮಾಜ್ ಮುಗಿಸಿ ಹೊರಬರುವ ಒಬ್ಬೊಬ್ಬರೂ ಚಪ್ಪಲಿ ಹುಡುಕುವ ಮುಂಚೆ ನಿಂತು ಓದಿ ಊದಿ ಹೋಗುತ್ತಾರೆ. "ಹಜರತ್, ಕೂಸು ರಾತ್ರಿಯೆಲ್ಲಾ ಅಳ್ತದ್ರಿ, ಹಾಲೂ ಕುಡಿವಲ್ದು" ಅಂತ ತಾಯಿ ಹೇಳಿದರೆ, "ಏನೂ ಆಗಂಗಿಲ್ಲ ಯಕ್ಕಾ, ದವಾಖಾನಿಗಿ ತೋರ್ಸೀರಿಲ್ಲ?" ಅಂತ ಕೇಳುವ ಹಿರಿಯರನ್ನು ನೋಡಿದ್ದೇನೆ. ಆ ಒಂದು ಪ್ರಶ್ನೆಗೆ ನನ್ನ ಸಲಾಮ್.

ಧರ್ಮದ ದೃಷ್ಟಿಯಿಂದಲೂ ಅಡ್ಡಿಯಿಲ್ಲ. ಮೇಲೆ ಹೇಳಿದ ಫಾತಿಹಾ ಘಟನೆಯ ಆ ಕುಲದವರು ಮುಸ್ಲಿಮರಾಗಿರಲಿಲ್ಲ ಎಂದು ಅನೇಕ ಉಲೇಮಾಗಳು ಹೇಳಿ, ಅದನ್ನೇ ಆಧಾರವಾಗಿ ತೋರಿಸುತ್ತಾರೆ. ನಿಮ್ಮಿಂದ ಯಾರೂ ಕಲಿಮಾ ಓದಿಸುವುದಿಲ್ಲ, ಹಣ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಅದು ತಪ್ಪು.

ತಾವೀಜ್ ಕಟ್ಟಿಕೊಳ್ಳಬಹುದಾ?

ಇದರಲ್ಲಿ ಮತಭೇದ ಇದೆ, ಅದನ್ನು ಮುಚ್ಚಿಡಬಾರದು. ತಾವೀಜಿನ ಒಳಗೆ ಅಂಕಿಗಳ ಚೌಕ, ಅರ್ಥವಾಗದ ಹೆಸರು, ಗೆರೆ ಇದ್ದರೆ ದೂರ ಇರಿ. ಬರೀ ಕುರ್‌ಆನ್ ಆಯತ್ ಇರುವ ತಾವೀಜನ್ನು ಕೆಲವು ಉಲೇಮಾಗಳು ಒಪ್ಪಿದ್ದಾರೆ, ಕೆಲವರು ಒಪ್ಪಿಲ್ಲ. ಯಾರು ತಾವೀಜ್ ನೇತುಹಾಕಿಕೊಂಡರೋ ಅವರು ಶಿರ್ಕ್ ಮಾಡಿದರು ಎಂಬ ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ, ಒಪ್ಪದವರು ಅದನ್ನು ಮುಂದಿಡುತ್ತಾರೆ. ನನಗೆ ಬಾಯಲ್ಲಿ ಓದುವುದೇ ಸುರಕ್ಷಿತ ಅನಿಸುತ್ತದೆ. ಕೊರಳಲ್ಲಿ ತಾವೀಜ್ ಇದೆ ಅಂತ ಓದುವುದನ್ನೇ ಬಿಟ್ಟವರು ನಮ್ಮಲ್ಲಿ ಜಾಸ್ತಿ.

ಬಂದೇ ನವಾಜ್ ದರ್ಗಾಕ್ಕೆ ರೋಗಿಗಳನ್ನ ಕರ್ಕೊಂಡು ಹೋಗ್ತಾರಲ್ಲ?

ಹೋಗುತ್ತಾರೆ. ಖ್ವಾಜಾ ಬಂದೇ ನವಾಜ್ ಗೇಸುದರಾಜ್ ಬಹಮನಿ ಸುಲ್ತಾನರ ಕಾಲದಲ್ಲಿ ದೆಹಲಿ ಬಿಟ್ಟು ದಖ್ಖನಿಗೆ ಬಂದು ಕಲಬುರಗಿಯಲ್ಲಿ ನೆಲೆಸಿದವರು, 1422ರಲ್ಲಿ ಇಲ್ಲೇ ತೀರಿಕೊಂಡರು. ಆಗಿನಿಂದ ಈ ಭಾಗದ ಎಲ್ಲ ಜಾತಿಯ ಜನ ಅಲ್ಲಿಗೆ ಹೋಗಿ ಬರುತ್ತಾರೆ. ಝಿಯಾರತ್ (ಗೋರಿಯ ಭೇಟಿ) ಮಾಡಿ, ಫಾತಿಹಾ ಓದಿ, ಅಲ್ಲಿ ಕೂತು ಮನಸ್ಸು ಹಗುರ ಮಾಡಿಕೊಂಡು ಬನ್ನಿ. ಬೇಡುವುದನ್ನು ಮಾತ್ರ ಅಲ್ಲಾಹನ ಹತ್ತಿರ ಬೇಡಿ. ಡಾಕ್ಟರ್ ಹೇಳಿದ ದಿನ ತಪ್ಪಿಸಿ ರೋಗಿಯನ್ನು ಬಿಸಿಲಲ್ಲಿ ಸುತ್ತಿಸಬೇಡಿ.

ಜಿನ್ನ್ ಹಿಡಿದಿದೆ ಅಂತ ಹೇಗೆ ಗೊತ್ತಾಗುತ್ತೆ?

ಜಿನ್ನ್ ಇದ್ದಾರೆ ಎಂದು ನಂಬುವುದು ನಮ್ಮ ಈಮಾನಿನ (ಧರ್ಮ ನಂಬಿಕೆಯ) ಭಾಗ. ಆದರೆ ಮನೆಯಲ್ಲಿ ಯಾರಾದರೂ ವಿಚಿತ್ರವಾಗಿ ನಡೆದುಕೊಂಡರೆ ತಕ್ಷಣ ಜಿನ್ನ್ ಮೇಲೆ ಹಾಕುವುದು ಈಮಾನ್ ಅಲ್ಲ, ಅವಸರ.

ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂದರೆ ಅದು ಮೂರ್ಛೆ ರೋಗ ಇರಬಹುದು. ಮಾತ್ರೆಗೆ ಹಿಡಿತಕ್ಕೆ ಬರುವ ರೋಗ ಅದು. ಆ ಹೊತ್ತಿಗೆ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಮಗ್ಗಲು ಮಾಡಿ ಮಲಗಿಸಿ, ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ಐದು ನಿಮಿಷಕ್ಕೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹೆರಿಗೆಯಾದ ಒಂದೆರಡು ವಾರದಲ್ಲಿ ಬಾಣಂತಿ ನಿದ್ದೆಯಿಲ್ಲದೆ, ಏನೇನೋ ಮಾತಾಡುತ್ತಾ, ಕೂಸನ್ನೇ ದೂರ ತಳ್ಳಿದರೆ ನಮ್ಮ ಕಡೆ ಗಾಳಿ ಬಡಿದಿದೆ ಅಂತಾರೆ. ಅದು ಬಾಣಂತಿಯರಿಗೆ ಬರುವ ಮಾನಸಿಕ ಕಾಯಿಲೆ ಇರಬಹುದು, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿ ಮಗು ಇಬ್ಬರಿಗೂ ಅಪಾಯ. ಬೆಳಗಿನ ಜಾವ ಎಚ್ಚರವಾಗಿ ಮೈ ಅಲ್ಲಾಡಿಸಲು ಆಗದೆ, ಎದೆ ಮೇಲೆ ಯಾರೋ ಕೂತಂತೆ ಆಗುವುದು ನಿದ್ದೆಗೆಟ್ಟವರಿಗೆ ಆಗುವಂಥದ್ದು. ಹುಡುಗಿಯರಿಗೆ ಮದುವೆ ನಿಶ್ಚಯವಾದ ಹೊತ್ತಿಗೆ ಜಿನ್ನ್ ಬರುತ್ತದೆ ಅಂತಾರಲ್ಲ, ಆಗ ಆ ಹುಡುಗಿಗೆ ಆ ಮದುವೆ ಇಷ್ಟ ಇದೆಯಾ ಅಂತ ತಾಯಿಯಾದವಳು ಒಮ್ಮೆ ಪಕ್ಕ ಕೂರಿಸಿಕೊಂಡು ಕೇಳಲಿ.

ಅದಕ್ಕೇ ಮೊದಲು ಡಾಕ್ಟರ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೋಗಲು ಹಿಂಜರಿಕೆ ಇದ್ದರೆ 14416 ನಂಬರಿಗೆ ಫೋನ್ ಮಾಡಿ, ಅದು ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆ ನಡೆಯುವಾಗಲೂ ಮನೆಯಲ್ಲಿ ಓದುವುದು ನಡೆಯಲಿ. ಸೂರಾ ಬಕರಾ ಓದುವ ಮನೆಯಿಂದ ಶೈತಾನ್ ಓಡುತ್ತಾನೆ ಎಂದು ಹದೀಸಿದೆ, ದಿನಕ್ಕೆ ಸ್ವಲ್ಪ ಸ್ವಲ್ಪ ಓದಿದರೂ ಆಯಿತು.

ಜಿನ್ನ್ ಬಿಡಿಸಲು ಹೊಡೀತಾರೆ, ಹೊಗೆ ಹಾಕ್ತಾರೆ. ಅದು ಸರಿನಾ?

ಇಲ್ಲ. ಹೊಡೆಯುವುದು, ಕಟ್ಟಿಹಾಕುವುದು, ಮೆಣಸಿನಕಾಯಿ ಹೊಗೆ ಕೊಡುವುದು, ಬರೆ ಹಾಕುವುದು, ಕೂದಲು ಹಿಡಿದು ಎಳೆಯುವುದು, ಯಾವುದೂ ಬೇಡ. ಏಟು ಜಿನ್ನಿಗೆ ಬೀಳುತ್ತದೆ, ರೋಗಿಗೆ ಗೊತ್ತಾಗುವುದಿಲ್ಲ ಅನ್ನೋದನ್ನು ನಂಬಬೇಡಿ. ಬಾಸುಂಡೆ ಎದ್ದದ್ದು ನಿಮ್ಮ ಮಗಳ ಬೆನ್ನ ಮೇಲೆ.

2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾಕ್ಕೆ ವಾಸಿಯಾಗಲೆಂದು ಕರೆತಂದ ಮಾನಸಿಕ ರೋಗಿಗಳನ್ನು ಸರಪಳಿ ಹಾಕಿ ಇಟ್ಟಿದ್ದ ಶೆಡ್‌ಗೆ ಬೆಂಕಿ ಬಿತ್ತು. ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾವುದೇ ರೀತಿಯಲ್ಲಿ ಸರಪಳಿ ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ 2017ರಲ್ಲೇ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ ಕಾಯ್ದೆ ಮಾಡಿ 2020ರಿಂದ ಜಾರಿಗೆ ತಂದಿದ್ದಾರೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆದರೆ, ಕಟ್ಟಿದರೆ ಪೊಲೀಸರಿಗೆ ದೂರು ಕೊಡಬಹುದು. ಪ್ರಾರ್ಥನೆಗೆ ಆ ಕಾಯ್ದೆಯಿಂದ ಯಾವ ಅಡ್ಡಿಯೂ ಇಲ್ಲ.

ಹೆಣ್ಣುಮಗಳನ್ನು ಒಂಟಿಯಾಗಿ ಕೋಣೆಗೆ ಕರೆಯುವವರ ಹತ್ತಿರ ಎಂದೂ ಬಿಡಬೇಡಿ. ತಂದೆ, ಅಣ್ಣ, ಗಂಡ, ಯಾರಾದರೂ ಮಹ್ರಮ್ ಪಕ್ಕದಲ್ಲೇ ಇರಬೇಕು, ಪರ ಗಂಡಸು ಮೈ ಮುಟ್ಟುವಂತಿಲ್ಲ. ಬಾಗಿಲು ಹಾಕಿದರೇ ಓದಲಾಗುವುದು ಅಂದರೆ ಅದು ಕುರ್‌ಆನ್ ಓದುವುದಕ್ಕಲ್ಲ.

ಮಾಟ ಮಾಡಿದವರು ಯಾರು ಅಂತ ಆಮಿಲ್ (ಮಾಟ ತೆಗೆಯುವವರು) ಹೇಳಿದ್ರು. ನಂಬಬೇಕಾ?

ಬೇಡ. ಗೈಬ್ (ಕಣ್ಣಿಗೆ ಕಾಣದ್ದು) ತಿಳಿದವನು ಅಲ್ಲಾಹ್ ಒಬ್ಬನೇ. ಭವಿಷ್ಯ ಹೇಳುವವನ ಹತ್ತಿರ ಹೋಗಿ ಏನಾದರೂ ಕೇಳಿದವನ 40 ರಾತ್ರಿಗಳ ನಮಾಜ್ ಒಪ್ಪಲಾಗುವುದಿಲ್ಲ ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅವರು ಹೇಳುವುದೂ ಯಾವಾಗಲೂ ಒಂದೇ ಥರ: ನಿಮ್ಮ ಹತ್ತಿರದವರೇ, ಕಪ್ಪಗಿದ್ದಾಳೆ, ಮನೆಗೆ ಬಂದು ಹೋಗುತ್ತಾಳೆ. ಅಂಥವರು ಯಾರ ಮನೆಯಲ್ಲಿ ಇಲ್ಲ ಹೇಳಿ? ಅವತ್ತಿನಿಂದ ನಾದಿನಿ, ಓರಗಿತ್ತಿ, ಚಿಕ್ಕಮ್ಮ, ಯಾರೋ ಒಬ್ಬರ ಮೇಲೆ ಗುಮಾನಿ. ಒಟ್ಟಿಗೆ ಉಣ್ಣುತ್ತಿದ್ದ ಅಣ್ಣತಮ್ಮಂದಿರು ಮದುವೆಗೂ ಮಯ್ಯತ್‌ಗೂ (ಸಾವಿಗೂ) ಹೋಗದಂತಾದ ಮನೆಗಳು ನಮ್ಮ ಓಣಿಯಲ್ಲೇ ಇವೆ. ಸಿಹ್ರ್ (ಮಾಟ) ಇದ್ದರೂ ಅದಕ್ಕೆ ಫಲಕ್ ಮತ್ತು ನಾಸ್ ಇವೆ. ಮಾಡಿದವರ ಹೆಸರು ಗೊತ್ತಾಗಬೇಕು ಅಂತ ಎಲ್ಲೂ ಇಲ್ಲ.

ಎಷ್ಟು ದುಡ್ಡು ಕೊಡಬೇಕು?

ಕೊಡಬೇಕು ಅಂತಲೇ ಇಲ್ಲ. ಫಾತಿಹಾ ಘಟನೆಯಿಂದ ತೆಗೆದುಕೊಳ್ಳುವುದು ಹರಾಮ್ ಅಲ್ಲ ಎಂದು ತಿಳಿಯುತ್ತದೆ, ಖುಷಿಯಿಂದ ಕೊಟ್ಟರೆ ಸರಿ. ಆದರೆ ಅಲ್ಲಿ ಅವರು ತೆಗೆದುಕೊಂಡದ್ದು ರೋಗಿ ಎದ್ದ ಮೇಲೆ. ಮೊದಲು 11 ಸಾವಿರ ಇಡಿ, ಇಲ್ಲದಿದ್ದರೆ ಏಳು ದಿನದಲ್ಲಿ ಮನೆಯಲ್ಲಿ ಸಾವು ಆಗುತ್ತದೆ ಅನ್ನುವುದು ಬೆದರಿಕೆ. ಅಂಥ ಕಡೆಯಿಂದ ಬಂದ ಮೇಲೂ ಹೆದರಿಕೆ ಬಿಡದಿದ್ದರೆ ಆಯತುಲ್ ಕುರ್ಸಿ ಓದಿ ಮಲಗಿ, ಬೆಳಗಿನ ತನಕ ಅಲ್ಲಾಹನ ಕಾವಲು ಇರುತ್ತದೆ ಎಂದು ಬುಖಾರಿಯಲ್ಲಿದೆ.

ಹಾವು, ಚೇಳು, ನಾಯಿ ಕಚ್ಚಿದ್ರೆ? ಹದೀಸಿನಲ್ಲಿ ಫಾತಿಹಾ ಓದಿದ್ರೆ ಸಾಕಾಯ್ತಲ್ಲ?

ಈ ಪ್ರಶ್ನೆ ಕೇಳಬೇಕಾದದ್ದೇ. ಉತ್ತರ ಅದೇ ಪ್ರವಾದಿಯವರ ಬದುಕಿನಲ್ಲಿದೆ. ಒಮ್ಮೆ ನಮಾಜಿನಲ್ಲಿ ಅವರಿಗೇ ಚೇಳು ಕುಟುಕಿದಾಗ, ನೀರು ಉಪ್ಪು ತರಿಸಿ ಕುಟುಕಿದ ಜಾಗಕ್ಕೆ ಹಾಕಿ ಉಜ್ಜುತ್ತಾ, ಜೊತೆಗೆ ಸೂರಾಗಳನ್ನು ಓದಿದರು ಎಂಬ ವರದಿ ಇದೆ. ಆ ಕಾಲಕ್ಕೆ ಕೈಗೆ ಸಿಕ್ಕ ಮದ್ದು ಅದು. ಮದ್ದು ಬಿಡಲಿಲ್ಲ, ಓದುವುದೂ ಬಿಡಲಿಲ್ಲ. ಅಲ್ಲಾಹನ ದಾಸರೇ, ಚಿಕಿತ್ಸೆ ಮಾಡಿಕೊಳ್ಳಿ, ಮುಪ್ಪು ಒಂದನ್ನು ಬಿಟ್ಟು ಮದ್ದಿಲ್ಲದ ರೋಗವನ್ನು ಅವನು ಇಟ್ಟಿಲ್ಲ ಎಂದದ್ದೂ ಅವರೇ. ಇವತ್ತು ನಮ್ಮ ಕೈಗೆ ಸಿಗುವ ಮದ್ದು ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್.

ತೊಗರಿ ಹೊಲದಲ್ಲಿ ಹಾವು ಕಚ್ಚಿದರೆ ಕಚ್ಚಿದ ಜಾಗ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕಾಲು ಅಲ್ಲಾಡದಂತೆ ಇಟ್ಟು, ನಡೆಸದೆ, ಸೀದಾ ಆಸ್ಪತ್ರೆಗೆ. ಓದುವವರು ಗಾಡಿಯಲ್ಲಿ ಪಕ್ಕ ಕೂತು ಓದಿ. ಓದಿಸಲು ಅಂತ ದಾರಿ ತಿರುಗಿಸಿದರೆ ಆ ಅರ್ಧ ಗಂಟೆಯೇ ಜೀವ ತೆಗೆದೀತು. ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಲಸಿಕೆ ಶುರು ಮಾಡಿ, ಡಾಕ್ಟರ್ ಬರೆದುಕೊಟ್ಟ ಅಷ್ಟೂ ಸಲ ಹಾಕಿಸಿ. ಹುಚ್ಚುನಾಯಿ ರೋಗದ ಲಕ್ಷಣ ಶುರುವಾದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ರುಕ್ಯಾ ಶುರು ಮಾಡಿದ ಮೇಲೆ ಮಾತ್ರೆ ನಿಲ್ಲಿಸಬಹುದಾ?

ಡಾಕ್ಟರ್ ಹೇಳದೆ ಒಂದೇ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಶುಗರ್, ಬಿಪಿ, ಮೂರ್ಛೆ, ಟಿಬಿ, ಮಾನಸಿಕ ಕಾಯಿಲೆ, ಯಾವುದೇ ಇರಲಿ. ಮಾತ್ರೆ ಇರುವ ತನಕ ಕುರ್‌ಆನ್ ಕೆಲಸ ಮಾಡುವುದಿಲ್ಲ ಎಂದು ಹೇಳುವವರು ಕುರ್‌ಆನಿನ ಮೇಲೇ ಸುಳ್ಳು ಕಟ್ಟುತ್ತಿದ್ದಾರೆ. ಒಂಟೆ ಕಟ್ಟಿ ಆಮೇಲೆ ತವಕ್ಕುಲ್ (ಅಲ್ಲಾಹನ ಮೇಲೆ ಭರವಸೆ) ಮಾಡು ಎಂದು ಕಲಿಸಿದ ದೀನ್ ನಮ್ಮದು.

ಮೊಬೈಲ್‌ನಲ್ಲಿ ರುಕ್ಯಾ ಆಡಿಯೊ ಹಾಕಿ ಬಿಟ್ರೆ ಸಾಕಾ?

ಕೇಳಿದರೆ ಒಳ್ಳೆಯದೇ, ಮನಸ್ಸು ತಂಪಾಗುತ್ತದೆ, ಓದಲು ಬಾರದವರಿಗೆ, ಹಾಸಿಗೆ ಹಿಡಿದವರಿಗೆ ಆಸರೆ. ಬಾಯಲ್ಲಿ ಓದಿ ಬೇಡುವುದಕ್ಕೆ ಅದು ಸಮ ಅಲ್ಲ. ಫೋಟೋ ವಾಟ್ಸಾಪ್ ಮಾಡಿ, ಮನೆಯಲ್ಲಿ ಏನಿದೆ ನೋಡಿ ಹೇಳ್ತೀವಿ ಅನ್ನುವವರಿಗೆ ಮಾತ್ರ ಫೋಟೋನೂ ಕಳಿಸಬೇಡಿ, ದುಡ್ಡೂ ಕಳಿಸಬೇಡಿ.

ಎಷ್ಟು ಓದಿದ್ರೂ ವಾಸಿ ಆಗ್ತಿಲ್ಲ. ನನ್ನ ಈಮಾನ್ ಕಮ್ಮಿ ಇದೆಯಾ?

ಹಾಗಂತ ಯಾರಾದರೂ ಹೇಳಿದ್ದರೆ ಅವರ ಮಾತನ್ನು ಇಲ್ಲೇ ಬಿಡಿ. ಅಯ್ಯೂಬ್ ಅಲೈಹಿಸ್ಸಲಾಮ್ ನಬಿಗಳಾಗಿದ್ದೂ ವರ್ಷಗಟ್ಟಲೆ ಕಾಯಿಲೆ ಅನುಭವಿಸಿದರು. ಪ್ರವಾದಿಯವರಿಗೆ ಕೊನೆಯ ದಿನಗಳಲ್ಲಿ ಇಬ್ಬರಿಗೆ ಬರುವಷ್ಟು ಜ್ವರ ಬರುತ್ತಿತ್ತು. ಆಯಿಶಾ ಓದುತ್ತಿದ್ದರು, ಆದರೂ ಆ ಕಾಯಿಲೆಯಲ್ಲೇ ಪ್ರವಾದಿಯವರು ತೀರಿಕೊಂಡರು. ಅವರಿಗಿಂತ ದೊಡ್ಡ ಈಮಾನ್ ಯಾರದ್ದು? ಕ್ಯಾನ್ಸರ್ ಬಂದ ಮಗುವಿನ ತಂದೆಗೆ, ಕಿಡ್ನಿ ಹೋದ ತಾಯಿಯ ಮಕ್ಕಳಿಗೆ, ನಿಮ್ಮ ಪ್ರಾರ್ಥನೆಯಲ್ಲಿ ಕೊರತೆ ಇತ್ತು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಮುಸ್ಲಿಮನಿಗೆ ಚುಚ್ಚುವ ಒಂದು ಮುಳ್ಳಿಗೂ ಬದಲಾಗಿ ಅವನ ತಪ್ಪುಗಳು ಅಳಿಯುತ್ತವೆ ಎಂಬ ಹದೀಸ್ ಅಂಥವರಿಗಾಗಿಯೇ ಇದೆ. ಓದುತ್ತಾ ಇರಿ, ಚಿಕಿತ್ಸೆ ಮಾಡಿಸುತ್ತಾ ಇರಿ, ಸುಸ್ತಾದಾಗ ಅತ್ತುಬಿಡಿ.

ಆಸ್ಪತ್ರೆಯಲ್ಲಿ ರೋಗಿ ನೋಡೋಕೆ ಹೋಗ್ತಿದ್ದೀನಿ. ಅಲ್ಲಿ ಏನು ಓದಬೇಕು?

ಚಿಕ್ಕ ದುಆ ಇದೆ, ಏಳು ಸಲ: ಅಸ್ಅಲುಲ್ಲಾಹಲ್ ಅಝೀಮ್, ರಬ್ಬಲ್ ಅರ್ಶಿಲ್ ಅಝೀಮ್, ಅನ್ ಯಶ್ಫಿಯಕ್. ಮಹಾ ಸಿಂಹಾಸನದ ಒಡೆಯನಾದ ಮಹಾನ್ ಅಲ್ಲಾಹನಲ್ಲಿ ನಿನಗೆ ಶಿಫಾ ಬೇಡುತ್ತೇನೆ ಎಂದು ಅರ್ಥ. ಪಕ್ಕದ ಮಂಚದವರಿಗೆ ತೊಂದರೆ ಆಗದಂತೆ ಮೆಲ್ಲಗೆ ಓದಿ. ಐಸಿಯುನಲ್ಲಿ ಊದುವುದು ಬೇಡ, ಮಾಸ್ಕ್ ತೆಗೆಯಬೇಡಿ, ಒಳಗೆ ಬಿಡದಿದ್ದರೆ ಹೊರಗಿನ ಬೆಂಚಿನಲ್ಲಿ ಕೂತೇ ಓದಿ. ಆಮೇಲೆ ರಾತ್ರಿಯೆಲ್ಲ ಕಾದು ಕೂತವರಿಗೆ ಊಟ ಆಯಿತಾ ಅಂತ ಕೇಳಿ, ಆಗಿಲ್ಲ ಅಂದರೆ ತಂದು ಕೊಟ್ಟು ಬನ್ನಿ.